ಉಪ್ಪಿಲ್ಲದ ಏಳು ತಿಂಗಳು

ಮನೆಯಲ್ಲಿ ಸಾವಾದ ಮೇಲೆ ಆಪ್ತ ಸಲಹೆಗೆ ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ಹೋದವರಿಗೆ ತಾವು ಕೊನೆಯದಾಗಿ ಆಡಿದ ಮಾತು. ಮಗ ಆಸ್ಪತ್ರೆಯಲ್ಲಿ ಅಪ್ಪನ ಮೇಲೆ ರೇಗಿರುತ್ತಾನೆ. ತಂಗಿ ಅಕ್ಕನ ಫೋನ್ ಎತ್ತಿರುವುದಿಲ್ಲ. ಮತ್ತೆ ಮತ್ತೆ ಇದನ್ನೇ ನೋಡುತ್ತೇನೆ, ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಇದರಲ್ಲಿ ಮೊದಲ ಎರಡು ಭೇಟಿಗಳನ್ನು ನಾನೇ ಕೆಡಿಸಿದೆ.

ಅವರನ್ನು ರಾಜಣ್ಣ ಎಂದು ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅರವತ್ತರ ಆಸುಪಾಸಿನವರು, ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಹೆಂಡತಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡು ಏಳು ತಿಂಗಳಾಗಿತ್ತು.

ಕರೆದುಕೊಂಡು ಬಂದವಳು ಮಗಳು. "ಅಪ್ಪ ಒಂದು ಸಲಾನೂ ಅತ್ತಿಲ್ಲ ಮೇಡಂ. ಅಂಗಡಿ ಬಾಗಿಲು ತೆಗೆಯಲ್ಲ. ಮೊಮ್ಮಗು ಹತ್ರ ಬಂದ್ರೂ ಎತ್ಕೊಳ್ಳಲ್ಲ." ರಾಜಣ್ಣನ ಅಂಗಿಯ ಕಾಲರ್ ಕತ್ತಿನ ಸುತ್ತ ಸಡಿಲವಾಗಿತ್ತು. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಆಮೇಲೆ ನಿದ್ದೆ ಇಲ್ಲ. ದುಃಖಕ್ಕೆ ಐದು ಹಂತ (ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಅಂತ ಅವಳು ಎಲ್ಲೋ ಓದಿದ್ದಳು, ಅಪ್ಪ ಯಾವ ಹಂತದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಕೇಳಿದಳು. ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಐದು ಹಂತ ಬರೆದದ್ದು ತಮ್ಮ ಸಾವನ್ನೇ ಎದುರು ನೋಡುತ್ತಿದ್ದ ರೋಗಿಗಳ ಬಗ್ಗೆ. ಉಳಿದವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಹೋಗುವುದಿಲ್ಲ. ಅವಳಿಗೂ ಹಾಗೇ ಹೇಳಿದೆ.

ಮೊದಲ ಭೇಟಿಯಲ್ಲಿ ರಾಜಣ್ಣ ಆಡಿದ್ದು ಒಂದೇ ಮಾತು. "ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ." ನಾನು ತಕ್ಷಣ, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ರಾಜಣ್ಣ" ಅಂದೆ. ಎರಡನೇ ಸಲವೂ ಅದೇ ಅಂದೆ. ಅವರು ತಲೆ ಅಲ್ಲಾಡಿಸಿ ಸುಮ್ಮನಾದರು. ಏಳು ತಿಂಗಳಿಂದ ಊರೆಲ್ಲ ಅವರಿಗೆ ಹೇಳಿದ್ದೂ ಅದನ್ನೇ. ಏನು ತಪ್ಪು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಮೂರನೇ ಸಲ ಅವರೊಬ್ಬರೇ ಬಸ್ಸಿನಲ್ಲಿ ಬಂದರು. ಇನ್ನೂ ಹೊತ್ತಿತ್ತು, ಹೊರಗಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅನ್ನ, ಬೇಳೆ ಸಾರು. ತಾವೇ ಮಾಡಿದ್ದು. ನಮ್ಮ ಆಯಾ ಪ್ರೀತಿಯಿಂದ ಒಂದು ಚೂರು ಉಪ್ಪಿನಕಾಯಿ ಬಡಿಸಲು ಹೋದರು. "ಬೇಡಮ್ಮ, ನಾನು ಉಪ್ಪು ತಿನ್ನಲ್ಲ" ಅಂದರು.

ಒಳಗೆ ಬಂದ ಮೇಲೆ ಕೇಳಿದೆ. "ಬಿಪಿ ಇದೆಯಾ?"

"ಇಲ್ಲ."

"ಡಾಕ್ಟರು ಬಿಡಿ ಅಂದ್ರಾ?"

"ಇಲ್ಲ."

ನಾನು ಮುಂದೆ ಕೇಳಲಿಲ್ಲ. ಅವರು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ತಾವಾಗಿಯೇ ಹೇಳಿದರು. ಅವತ್ತು ಬೆಳಿಗ್ಗೆ ಹೆಂಡತಿ ಮಾಡಿದ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ. ಇವರು ತಟ್ಟೆ ತಳ್ಳಿ, "ಇಷ್ಟು ವರ್ಷ ಆಯ್ತು, ಉಪ್ಪು ಹಾಕೋದು ಗೊತ್ತಾಗಲ್ವಾ?" ಎಂದು ಎದ್ದು ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಪಕ್ಕದ ಮನೆಯ ಹುಡುಗ ಓಡಿ ಬಂದ.

"ಅವಳು ಯಾವತ್ತೂ ಉಪ್ಪು ಮರೆತವಳಲ್ಲ ಮೇಡಂ. ಅವತ್ತು ಮರೆತಳು ಅಂದ್ರೆ ಅವಳಿಗೆ ಆಗಲೇ ಏನೋ ಆಗ್ತಿತ್ತು. ನನಗೆ ಗೊತ್ತಾಗಲಿಲ್ಲ. ನಾನು ಬೈದೆ."

ಮತ್ತೆ ಅದೇ ಮಾತು ನನ್ನ ನಾಲಿಗೆ ತುದಿಗೆ ಬಂತು. ತಡೆದುಕೊಂಡೆ. ಅವರು ಹೇಳಿದ್ದು ನಿಜವೋ ಅಲ್ಲವೋ, ಯಾರಿಗೂ ತಿಳಿಯುವ ಹಾಗಿಲ್ಲ. ವಾದ ಮಾಡಿ ಗೆಲ್ಲುವ ವಿಷಯ ಅದಲ್ಲ. ಹಾಗಾಗಿ ಬೇರೆ ಕೇಳಿದೆ. "ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನೀವು ಊಟಕ್ಕೆ ಹೆಸರಿಟ್ಟದ್ದು ಅದೇ ಮೊದಲ ಸಲವಾ?"

"ಎಲ್ಲಿ! ವಾರಕ್ಕೊಂದು ಸಲ ಇಡ್ತಿದ್ದೆ. ಖಾರ ಜಾಸ್ತಿ, ಹುಳಿ ಸಾಲದು."

"ಆಗ ಅವರು ಏನು ಮಾಡ್ತಿದ್ರು?"

ರಾಜಣ್ಣ ತಲೆ ಎತ್ತಿದರು. "ಏನು ಮಾಡ್ತಾಳೆ? ಉಪ್ಪಿನ ಭರಣಿ ತಂದು ನನ್ನ ಮುಂದೆ ಕುಕ್ಕುತಿದ್ಲು. 'ಹಾಕ್ಕೊಂಡು ತಿನ್ನಿ, ಕೈ ಇಲ್ವಾ' ಅಂತಿದ್ಲು." ಹೇಳುತ್ತಾ ಹೇಳುತ್ತಾ ನಕ್ಕರು. ಆ ನಗುವಿನ ಹಿಂದೆಯೇ ಅಳು ಬಂತು. ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತರು. ನಾನು ನೀರಿನ ಲೋಟ ಹತ್ತಿರ ಇಟ್ಟು ಕಾದೆ. ಮುಂದಿನ ಭೇಟಿಗೆ ಬಂದವರನ್ನು ಸ್ವಲ್ಪ ಕೂರಿಸಲು ಆಯಾಗೆ ಸನ್ನೆ ಮಾಡಿದೆ.

ಸಾವು ಆದ ದಿನದ ಆ ಒಂದು ಮಾತು ಉಳಿದ ಮೂವತ್ತನಾಲ್ಕು ವರ್ಷಗಳನ್ನು ನುಂಗಿಬಿಟ್ಟಿತ್ತು. ಆ ಮಾತಿಗೆ ಉತ್ತರ ಕೊಡಬಲ್ಲವರು ಅವರ ಹೆಂಡತಿ ಒಬ್ಬರೇ. ಆ ಉತ್ತರ ಅವರು ಬದುಕಿದ್ದಾಗಲೇ ನೂರು ಸಲ ಕೊಟ್ಟಿದ್ದರು. ನಾನು ಹೇಳಿದ್ದು ಇಷ್ಟೇ: "ಅವರು ಹೇಳಿದ ಹಾಗೇ ಮಾಡಿ ರಾಜಣ್ಣ. ಭರಣಿ ಮುಂದೆ ಇಟ್ಕೊಳ್ಳಿ. ಇವತ್ತೇ ಅಂತಲ್ಲ. ಮನಸ್ಸಾದ ದಿನ ನಿಮ್ಮ ಕೈಯಿಂದಲೇ ಹಾಕ್ಕೊಳ್ಳಿ."

ಅದೇ ದಿನ ಇನ್ನೊಂದು ಪ್ರಶ್ನೆಯನ್ನೂ ನೇರವಾಗಿ ಕೇಳಿದೆ. "ಸಾಯಬೇಕು ಅನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ. "ಏನೂ ಮಾಡ್ಕೊಳ್ಳಲ್ಲ ಮೇಡಂ. ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ಸುತ್ತೆ" ಅಂದರು. ಇದನ್ನು ಮಗಳಿಗೆ ತಿಳಿಸಬೇಕು ಎಂದೆ, ಒಪ್ಪಿದರು. ಅವರ ಎದುರಿಗೇ ಫೋನ್ ಮಾಡಿದೆ. ಕೆಲವು ದಿನ ಅಪ್ಪನನ್ನು ಒಬ್ಬರೇ ಬಿಡಬೇಡ ಅಂದೆ. ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಈ ಚೀಟಿಗೆ ರಾಜಣ್ಣನ ಭಾಮೈದ ಫೋನಿನಲ್ಲಿ ನನ್ನ ಮೇಲೆ ಸಿಟ್ಟಾದರು. "ಹೆಂಡತಿ ಸತ್ತ ದುಃಖಕ್ಕೆ ಮಾತ್ರೆ ಕೊಡ್ತಾರಾ? ಭಾವನಿಗೆ ಹುಚ್ಚು ಅಂತೀರಾ?" ಅವರೂ ಅಕ್ಕನನ್ನು ಕಳೆದುಕೊಂಡವರು, ಸಿಟ್ಟು ನನಗೆ ಅರ್ಥವಾಯಿತು. ಆದರೆ ನನ್ನ ನಿಲುವು ಬದಲಾಗಲಿಲ್ಲ. ದುಃಖಕ್ಕೆ ಮಾತ್ರೆ ಬೇಡ, ನಾನೂ ಅದನ್ನೇ ಹೇಳುತ್ತೇನೆ. ದುಃಖ ಅಲೆಯ ಹಾಗೆ ಬಂದು ಹೋಗುತ್ತದೆ. ನಡುವೆ ಒಂದು ನಗು, ಒಂದು ಹಸಿವು ಇರುತ್ತದೆ. ಹೋದವರು ಬೇಕು ಅನಿಸುತ್ತದೆ. ಖಿನ್ನತೆಯಲ್ಲಿ ತಾನೇ ಬೇಡ ಅನಿಸಲು ಶುರುವಾಗುತ್ತದೆ, ಮೊಮ್ಮಗುವಿನ ಮುಖ ಕಂಡರೂ ಏನೂ ಅನಿಸುವುದಿಲ್ಲ. ನಿದ್ದೆ, ಊಟ, ಕೆಲಸ ಎಲ್ಲ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು. ಸಾವಿನ ಮನೆಯಲ್ಲಿ ಇದೆಲ್ಲ ಇದ್ದದ್ದೇ ಎಂದು ಕಾಯುತ್ತಾ ಕೂತು ಕೈಮೀರಿದ್ದನ್ನು ನೋಡಿದ್ದೇನೆ. ಖಿನ್ನತೆಯ ಮಾತ್ರೆ ನಿದ್ದೆ ಮಾತ್ರೆಯಲ್ಲ. ಗುಣ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹೆಂಡತಿಯ ನೆನಪನ್ನು ಅದು ಅಳಿಸುವುದಿಲ್ಲ. ಇಷ್ಟನ್ನೂ ಅವರಿಗೆ ನಿಧಾನವಾಗಿ ಹೇಳಿದೆ. ಮುಂದಿನ ವಾರ ಭಾವನನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ.

ರಾಜಣ್ಣನಿಗೆ ಒಂದು ದಿನಚರಿ ಹಾಕಿಕೊಟ್ಟೆ. ಬೆಳಿಗ್ಗೆ ಎರಡು ಗಂಟೆ ಅಂಗಡಿ, ವ್ಯಾಪಾರ ಆಗಲಿ ಬಿಡಲಿ. ಸಂಜೆ ಅರ್ಧ ಗಂಟೆ ಹೆಂಡತಿಗೆ. ಫೋಟೋ ನೋಡಬಹುದು, ಮಾತಾಡಬಹುದು, ಅಳಬಹುದು. ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ಇದನ್ನೇ: ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಮನಸ್ಸು ಹೋಗಿ ಬಂದು ಮಾಡಬೇಕು. ಒಂದೇ ಕಡೆ ನಿಂತರೆ ಕಷ್ಟ. ನಮ್ಮ ಹಿರಿಯರು ಹನ್ನೊಂದನೇ ದಿನ, ಕೆಲವು ಮನೆಗಳಲ್ಲಿ ತಿಂಗಳು ತಿಂಗಳು ಮಾಸಿಕ, ವರ್ಷಕ್ಕೆ ತಿಥಿ ಅಂತ ಇಟ್ಟದ್ದರಲ್ಲೂ ಈ ತಿಳಿವಳಿಕೆ ಇದೆ ಅಂತ ನನಗೆ ಅನಿಸುತ್ತದೆ. ನೆನೆಯುವುದಕ್ಕೆ ಒಂದು ದಿನ, ಆಮೇಲೆ ಮತ್ತೆ ಕೆಲಸ.

ಬೀರುವಿನಲ್ಲಿದ್ದ ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನೆಂಟರು ಒತ್ತಾಯಿಸುತ್ತಿದ್ದರು. ಅವರಾಗಿಯೇ ಕೊಡಬೇಕು ಅನಿಸುವವರೆಗೆ ಮುಟ್ಟಬೇಡಿ ಅಂದೆ.

ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್, ಸರ್ಕಾರದ್ದೇ, ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಅದಕ್ಕೂ ಮೊದಲು, "ನಿನ್ನ ತಪ್ಪಿಲ್ಲ ಬಿಡು" ಅನ್ನುವ ಬದಲು, "ಅವತ್ತು ಏನಾಯ್ತು ಹೇಳು" ಎಂದು ಕೇಳಿ ಪಕ್ಕದಲ್ಲಿ ಕೂತುಕೊಳ್ಳಿ.

ರಾಜಣ್ಣ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಮಾತ್ರೆ ನಡೆಯುತ್ತಿದೆ. ಅಂಗಡಿ ಮಧ್ಯಾಹ್ನದವರೆಗೆ ತೆಗೆದಿರುತ್ತದೆ. ಮೂರು ಗಂಟೆಯ ಎಚ್ಚರ ಈಗ ಐದಕ್ಕೆ ಬಂದಿದೆ. ಹೋದ ಸಲ ಡಬ್ಬಿಯಲ್ಲಿ ಅನ್ನ ಸಾರಿನ ಜೊತೆ ಪುಟ್ಟ ಪೊಟ್ಟಣದಲ್ಲಿ ಉಪ್ಪು ಇತ್ತು. ಎರಡು ಬೆರಳಲ್ಲಿ ತೆಗೆದು ತಾವೇ ಹಾಕಿಕೊಂಡರು. ಉಪ್ಪಿಟ್ಟು ಮಾತ್ರ ಇನ್ನೂ ಮುಟ್ಟಿಲ್ಲವಂತೆ. ಅದನ್ನು ನಾನು ಕೇಳಲು ಹೋಗಿಲ್ಲ.