'ಬಿಟ್ಟಿ' ಅನ್ನುವಾಗ ಕಣ್ಣ ಮುಂದೆ ಯಾರು ಬರ್ತಾರೆ?

ಪ್ರಶ್ನೆ: ಮಗಳು ಅಳಿಯ ಅಟ್ಲಾಂಟದಲ್ಲಿದ್ದಾರೆ. ಹೋದ ವರ್ಷ ಮೂರು ತಿಂಗಳು ಅಲ್ಲಿದ್ದು ಬಂದೆ. ಪಕ್ಕದ ಮನೆಯ ಬಿಳಿಯ ಯಜಮಾನರು ಬಹಳ ಒಳ್ಳೆಯವರು. ಹಿತ್ತಲಲ್ಲಿ ಬೆಳೆದ ಟೊಮೇಟೊ ತಂದುಕೊಡುತ್ತಿದ್ದರು. ಆದರೆ ಬಡವರಿಗೆ ಸರ್ಕಾರ ಕೊಡುವ ನೆರವಿನ ಮಾತು ಬಂದರೆ ಸಾಕು, ಸಿಟ್ಟು. 'ಇದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ, ನನ್ನ ತೆರಿಗೆ ದುಡ್ಡಿನ ಪ್ರಶ್ನೆ' ಅನ್ನುತ್ತಿದ್ದರು. ಮಗಳು 'ಇಲ್ಲಪ್ಪ, ಅದೆಲ್ಲ ಬಣ್ಣದ್ದೇ, ವೋಟೂ ಅದರ ಮೇಲೇ' ಅಂತಾಳೆ. ಒಬ್ಬರ ಮನಸ್ಸಿನೊಳಗೆ ಇರುವುದನ್ನು ಹೊರಗಿನವರು ಹೇಗೆ ಹೇಳುತ್ತಾರೆ?
- ನಿವೃತ್ತ ಬ್ಯಾಂಕ್ ನೌಕರ, ಮದ್ದೂರು

ಉತ್ತರ: ಸ್ವಾಮಿ, ನಿಮ್ಮ ಪತ್ರ ಓದಿ ನನಗೆ ಮೊದಲು ನೆನಪಾದದ್ದು ನಮ್ಮೂರಿನ ಟೀ ಅಂಗಡಿ. ಮಂಡ್ಯದ ಹತ್ತಿರ ನಮಗೆ ಒಂದೂವರೆ ಎಕರೆ ಗದ್ದೆ ಇದೆ. ನಾಟಿ ಹೊತ್ತಿಗೆ ಹೋದರೆ ಅಂಗಡಿ ಜಗಲಿಯಲ್ಲಿ ಒಂದೇ ಪಲ್ಲವಿ: 'ಪುಕ್ಕಟೆ ಅಕ್ಕಿ ಕೊಟ್ಟೂ ಕೊಟ್ಟೂ ಜನ ಸೋಮಾರಿಗಳಾಗೋದ್ರು, ಆಳೇ ಸಿಗಲ್ಲ.' ಹೀಗೆ ಹೇಳುವವರ ಮನೆಯಲ್ಲೂ ಬಿಪಿಎಲ್ ಕಾರ್ಡ್ ಇದೆ. ಅವರ ಪಂಪ್‌ಸೆಟ್‌ಗೆ 10 ಎಚ್‌ಪಿ ತನಕ ಕರೆಂಟ್ ಪುಕ್ಕಟೆ. ನಮ್ಮದಕ್ಕೂ ಅಷ್ಟೇ ಅನ್ನಿ. ಆದರೆ ಅದು ಬಿಟ್ಟಿ ಅಲ್ಲ, ರೈತನ ಹಕ್ಕು! 'ಸೋಮಾರಿ' ಅನ್ನುವಾಗ ಅವರ ಕಣ್ಣು ಯಾವ ಕೇರಿಯ ಕಡೆ ಹೊರಳುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಾತಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಅಮೆರಿಕದಲ್ಲಿ ಇದನ್ನೇ ಲೆಕ್ಕ ಹಿಡಿದು ನೋಡಿದವರು ಮಾರ್ಟಿನ್ ಗಿಲೆನ್ಸ್ ಎಂಬ ರಾಜ್ಯಶಾಸ್ತ್ರಜ್ಞ. ಶಾಲೆಗೆ, ವಯಸ್ಸಾದವರಿಗೆ, ಆರೋಗ್ಯಕ್ಕೆ ಸರ್ಕಾರ ಖರ್ಚು ಮಾಡಲಿ ಅನ್ನುವ ಜನವೇ 'ವೆಲ್‌ಫೇರ್' (ಬಡವರಿಗೆ ಸರ್ಕಾರ ಕೊಡುವ ನೆರವು) ಅಂದ ಕೂಡಲೇ ಮುಖ ಸಿಂಡರಿಸುವುದನ್ನು ಅವರು ಗಮನಿಸಿದರು. 1988ರಿಂದ 1992ರವರೆಗೆ ಅಲ್ಲಿನ ಮೂರು ದೊಡ್ಡ ವಾರಪತ್ರಿಕೆಗಳಲ್ಲಿ ಅಚ್ಚಾದ ಬಡವರ ಫೋಟೊಗಳನ್ನೂ ಕೂತು ಎಣಿಸಿದರು. ಫೋಟೊದಲ್ಲಿದ್ದ ಬಡವರಲ್ಲಿ ನೂರಕ್ಕೆ 62 ಮಂದಿ ಕಪ್ಪು ಜನ. ನಿಜವಾದ ಬಡವರಲ್ಲಿ ಆಗ ಅವರ ಪಾಲು 29 ಅಷ್ಟೇ. ವಾರ ವಾರ ಇದನ್ನೇ ನೋಡಿದವರ ಕಣ್ಣಿಗೆ ಬಡವ ಅಂದರೆ ಯಾರು ಕಾಣುತ್ತಾರೆ ಹೇಳಿ. ಕಪ್ಪು ಜನ ಸೋಮಾರಿಗಳು ಅಂತ ನಂಬಿದ ಬಿಳಿಯರೇ ವೆಲ್‌ಫೇರ್‌ಗೆ ಜಾಸ್ತಿ ವಿರೋಧ ಇದ್ದವರು.

ಸರಿ, ಬಾಯಿಬಿಟ್ಟು ಕೇಳಿದರೆ ಯಾರು ಒಪ್ಪುತ್ತಾರೆ? ನಾನೇ ಒಪ್ಪುವುದಿಲ್ಲ. ಸುಮಾರು ಹತ್ತು ವರ್ಷದ ಹಿಂದೆ ಮೈಸೂರು ಕುವೆಂಪುನಗರದ ನಮ್ಮ ಮಹಡಿ ಮನೆಗೆ 'ಟು ಲೆಟ್' ಬೋರ್ಡ್ ಹಾಕಿದ್ದೆ. ಆಫ್ರಿಕಾದಿಂದ ಓದಲು ಬಂದ ಹುಡುಗನೊಬ್ಬ ಕೇಳಿಕೊಂಡು ಬಂದ. ಇಸ್ತ್ರಿ ಮಾಡಿದ ಶರ್ಟು. ಯಾರೂ ಹೇಳದೆ ಶೂ ಬಿಚ್ಚಿ ಮೆಟ್ಟಿಲ ಪಕ್ಕ ಜೋಡಿಸಿಟ್ಟ. 'ಆಗಲೇ ಬೇರೆಯವರಿಗೆ ಕೊಟ್ಟಾಯ್ತು' ಅಂದೆ. ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು. ಅವನು ಅದನ್ನೊಮ್ಮೆ ನೋಡಿ, 'ಥ್ಯಾಂಕ್ಯೂ ಅಂಕಲ್' ಅಂದು ಕೂತು ಶೂ ಲೇಸ್ ಕಟ್ಟಿಕೊಂಡ. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿರಬೇಕಾಯಿತು. ಅವತ್ತು ಸಂಜೆ ಯಾರಾದರೂ ಸರ್ವೆಗೆ ಬಂದು 'ಕಪ್ಪು ಜನರ ಬಗ್ಗೆ ನಿಮಗೆ ಅಸಹನೆ ಇದೆಯಾ' ಅಂತ ಕೇಳಿದ್ದರೆ, ಛೆ ಛೆ, ಮಂಡೇಲಾ ಬಗ್ಗೆ ಅರ್ಧ ಗಂಟೆ ಮಾತಾಡಿ ಕಳಿಸುತ್ತಿದ್ದೆ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನಲ್ವಾ.

ನನ್ನಂಥವರಿಗಾಗಿಯೇ ಅಮೆರಿಕದ ಸಂಶೋಧಕರು ಒಂದು ಉಪಾಯ ಹೂಡಿದ್ದಾರೆ. 1991ರ ಸಮೀಕ್ಷೆಯೊಂದರಲ್ಲಿ ಚೀಟಿ ಎತ್ತಿದ ಹಾಗೆ ಜನರನ್ನು ಬೇರೆ ಬೇರೆ ಪಾಲು ಮಾಡಿದರು. ಒಂದು ಪಾಲಿಗೆ ಸಿಟ್ಟು ಬರಿಸುವ ಮೂರು ಸಂಗತಿ ಓದಿದರು: ಪೆಟ್ರೋಲ್ ತೆರಿಗೆ ಏರಿಸುವುದು, ಆಟಗಾರರಿಗೆ ಲಕ್ಷಾಂತರ ಡಾಲರ್ ಕೊಡುವುದು, ದೊಡ್ಡ ಕಂಪನಿಗಳು ಪರಿಸರ ಕೆಡಿಸುವುದು. 'ಯಾವುದಕ್ಕೆ ಅಂತ ಹೇಳಬೇಡಿ, ಎಷ್ಟಕ್ಕೆ ಸಿಟ್ಟು ಬರುತ್ತೆ ಅಂತ ಹೇಳಿ ಸಾಕು.' ಇನ್ನೊಂದು ಪಾಲಿಗೆ ಇದೇ ಮೂರು, ಜೊತೆಗೆ ನಾಲ್ಕನೆಯದು: 'ಪಕ್ಕದ ಮನೆಗೆ ಕಪ್ಪು ಕುಟುಂಬ ಬರುವುದು.' ಈ ಎರಡು ಪಾಲಿನ ಸರಾಸರಿ ತೆಗೆದು ಕಳೆದರೆ ಉಳಿಯುವುದೇ ನಾಲ್ಕನೆಯದಕ್ಕೆ ಸಿಟ್ಟಾದವರ ಲೆಕ್ಕ. ಒಬ್ಬೊಬ್ಬರ ಗುಟ್ಟು ಬಯಲಾಗುವುದಿಲ್ಲ, ಗುಂಪಿನದು ಬಯಲಾಗುತ್ತದೆ. ದಕ್ಷಿಣದ ರಾಜ್ಯಗಳ ಬಿಳಿಯರಲ್ಲಿ ಈ ಲೆಕ್ಕ ನೂರಕ್ಕೆ 42ರಷ್ಟು ಬಂತು. ಉಳಿದ ಕಡೆ 10ರ ಆಸುಪಾಸು.

ವೋಟಿನ ವಿಷಯ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಣ್ಣದ ಭೇದಭಾವವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ಅಧ್ಯಕ್ಷರ ಚುನಾವಣೆಯಲ್ಲಿ ಅವರ ಎದುರು ನಿಂತು ಹೀನಾಯವಾಗಿ ಸೋತರು. ಗೆದ್ದದ್ದು ಆರೇ ರಾಜ್ಯ. ತವರು ಅರಿಜೋನ ಬಿಟ್ಟರೆ ಉಳಿದ ಐದೂ ದಕ್ಷಿಣದವು, ನಿಮ್ಮ ಮಗಳಿರುವ ಜಾರ್ಜಿಯಾ ಕೂಡ. ಮಿಸಿಸಿಪ್ಪಿಯಲ್ಲಂತೂ ನೂರಕ್ಕೆ 87 ಮತ. ಅಲ್ಲಿ ಆಗ ಕಪ್ಪು ಜನರಲ್ಲಿ ಹೆಚ್ಚಿನವರಿಗೆ ವೋಟು ಹಾಕಲು ಬಿಡುತ್ತಲೇ ಇರಲಿಲ್ಲ. ಗೋಲ್ಡ್‌ವಾಟರ್ ಹೇಳಿದ್ದೂ 'ರಾಜ್ಯಗಳ ಹಕ್ಕು, ಕೇಂದ್ರದ ದಬ್ಬಾಳಿಕೆ' ಅನ್ನುವ ಮಾತನ್ನೇ, ಬಣ್ಣದ ಮಾತನ್ನಲ್ಲ.

ಹಾಗಂತ ನಿಮ್ಮ ಪಕ್ಕದ ಮನೆಯವರಿಗೆ ಸುಮ್ನೆ ಹಣೆಪಟ್ಟಿ ಹಚ್ಚಬೇಡಿ. ಇಂಥ ಲೆಕ್ಕ ಗುಂಪಿನ ಮಾತು ಹೇಳುತ್ತದೆ, ಒಬ್ಬ ಮನುಷ್ಯನದ್ದಲ್ಲ. ಸರ್ಕಾರ ಯಾರಿಗೆ ದುಡ್ಡು ಕೊಟ್ಟರೂ ಉರಿದುಕೊಳ್ಳುವ ಜನರೂ ಇದ್ದಾರೆ. ಅವರನ್ನೂ ಬಣ್ಣದ ಲೆಕ್ಕಕ್ಕೇ ಸೇರಿಸಿಬಿಡುತ್ತೀರಿ ಅಂತ ಅಲ್ಲಿನ ವಿದ್ವಾಂಸರಲ್ಲೇ ಜಗಳ ಇದೆ. ಮುಂದಿನ ಸಲ ಹೋದಾಗ ಅವರನ್ನು ಅಲ್ಲಿನ ರೈತರ (ಅವರಲ್ಲಿ ಹೆಚ್ಚಿನವರು ಬಿಳಿಯರೇ) ಸಬ್ಸಿಡಿ ಬಗ್ಗೆ ಕೇಳಿ ನೋಡಿ. ಅದಕ್ಕೂ ಅಷ್ಟೇ ಸಿಟ್ಟು ಬಂದರೆ, ಆ ಯಜಮಾನರ ಮಟ್ಟಿಗೆ ಮಗಳ ಮಾತು ತಪ್ಪಿರಬಹುದು ಅಂತ ಹೇಳಿ. ಬರದಿದ್ದರೆ ಟೊಮೇಟೊ ಇಸ್ಕೊಂಡು ಮನೆಗೆ ಬನ್ನಿ, ಬೇಲಿ ಹತ್ತಿರ ನಿಂತು ವಾದ ಮಾಡಬೇಡಿ. ಮಗಳು ಅಲ್ಲೇ ಬಾಳಬೇಕು.