ಯೂರೋಪಿನ ಇತಿಹಾಸ ಓದುವಾಗ ಧರ್ಮಯುದ್ಧಗಳ ಪಾಠ ಬಿಟ್ಟರೆ ನಡೆಯುತ್ತದೆಯೇ?

ಪರೀಕ್ಷೆಗೆ ಹನ್ನೆರಡು ದಿನ ಉಳಿದಿದೆ, ವಾಣಿಜ್ಯವಾದ (ಬೆಳ್ಳಿ, ಬಂಗಾರ ಕೂಡಿಡುವುದೇ ದೇಶದ ಬಲ ಎಂಬ ಆರ್ಥಿಕ ನೀತಿ) ಮತ್ತು ನಿರಂಕುಶ ಪ್ರಭುತ್ವ ಓದಿಕೊಂಡು ಧರ್ಮಯುದ್ಧಗಳನ್ನು, ಅಂದರೆ 16-17ನೆಯ ಶತಮಾನಗಳ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಯುದ್ಧಗಳನ್ನು, ಬಿಡಲೇ ಎಂದು ಕೇಳಿದ್ದೀರಿ. ಎಂ.ಎ. ಕೊನೆಯ ವರ್ಷ ನಾನು ಬಿಟ್ಟಿದ್ದೆ. ನೀವು ಕೊಟ್ಟಿರುವ ಕಾರಣವೇ ನನ್ನದೂ ಆಗಿತ್ತು: ಹೆಸರುಗಳು ಬಹಳ, ಇಸವಿಗಳು ಬಹಳ, ಬರುವುದು ಒಂದೇ ಪ್ರಶ್ನೆ.

ಪ್ರಶ್ನೆಪತ್ರಿಕೆಯಲ್ಲಿ ಹದಿಮೂರನೆಯ ಲೂಯಿಯ ಪ್ರಧಾನ ಮಂತ್ರಿ ರಿಶೆಲ್ಯೂ ಬಂದ. ಫ್ರಾನ್ಸಿನ ನಿರಂಕುಶ ಪ್ರಭುತ್ವಕ್ಕೆ ಅವನು ಹಾಕಿದ ಅಡಿಪಾಯವನ್ನು ವಿವರಿಸಬೇಕಿತ್ತು. ಓದಿದ್ದೇ ಬಂದಿತಲ್ಲ ಎಂದು ಸಂತೋಷಪಟ್ಟೆ. ಅವನು ಕ್ಯಾಥೊಲಿಕ್ ಕಾರ್ಡಿನಲ್, ಅಂದರೆ ಪೋಪನ ಕೆಳಗಿನ ಹಿರಿಯ ಧರ್ಮಗುರು, ಎಂದು ಗೊತ್ತಿತ್ತು. 1628ರಲ್ಲಿ ಪ್ರಾಟೆಸ್ಟೆಂಟರ, ಅಂದರೆ ಹ್ಯೂಗೆನಾಟರ, ಲಾ ರೊಷೆಲ್ ಕೋಟೆಯನ್ನು ಮುತ್ತಿಗೆ ಹಾಕಿ ಗೆದ್ದದ್ದೂ ಗೊತ್ತಿತ್ತು. ಇವೆರಡನ್ನು ಕೂಡಿಸಿ, ಮೂವತ್ತು ವರ್ಷಗಳ ಯುದ್ಧದಲ್ಲಿ (1618-48) ಫ್ರಾನ್ಸ್ ಜರ್ಮನ್ ನಾಡುಗಳ ಕ್ಯಾಥೊಲಿಕ್ ಚಕ್ರವರ್ತಿಯ ಬೆನ್ನಿಗೆ ನಿಂತಿತು ಎಂದು ಬರೆದೆ. ಅದೂ ಒಂದು ವಾಕ್ಯವಲ್ಲ, ಎರಡು ಪುಟ.

ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ. 1631ರ ಬೇರ್ವಾಲ್ಡೆ ಒಪ್ಪಂದದಲ್ಲಿ ಇದೇ ಕಾರ್ಡಿನಲ್, ಲೂಥರನ ಮತದವನಾದ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸನಿಗೆ ವರ್ಷಕ್ಕೆ 4 ಲಕ್ಷ ಥಾಲರ್ (ಬೆಳ್ಳಿ ನಾಣ್ಯ) ಕೊಡಲು ಒಪ್ಪಿದ. ಆ ದೊರೆ 30,000 ಕಾಲಾಳು, 6,000 ಕುದುರೆ ಸವಾರರನ್ನು ಇಟ್ಟುಕೊಂಡು ಕ್ಯಾಥೊಲಿಕ್ ಚಕ್ರವರ್ತಿಯ ವಿರುದ್ಧವೇ ಹೋರಾಡಬೇಕಿತ್ತು. 1635ರಲ್ಲಿ ಫ್ರಾನ್ಸ್ ಕ್ಯಾಥೊಲಿಕ್ ಸ್ಪೇನಿನ ಮೇಲೆ ತಾನೇ ಯುದ್ಧ ಸಾರಿತು. ಚಕ್ರವರ್ತಿಯ ಆಸ್ಟ್ರಿಯಾ, ಸ್ಪೇನ್ ಎರಡನ್ನೂ ಆಳುತ್ತಿದ್ದದ್ದು ಹ್ಯಾಬ್ಸ್‌ಬರ್ಗ್ ಮನೆತನ. ನಡುವೆ ಸಿಕ್ಕಿಕೊಂಡಿದ್ದ ಫ್ರಾನ್ಸಿಗೆ ಆ ಬಿಗಿಯನ್ನು ಸಡಿಲಿಸುವುದು ಮುಖ್ಯವಾಗಿತ್ತು.

ಹಾಗಾದರೆ ಲಾ ರೊಷೆಲ್ ಏಕೆ? ಅದರ ಉತ್ತರ ನಾನು ಬಿಟ್ಟ ಪಾಠದಲ್ಲಿಯೇ ಇತ್ತು. 1562ರಿಂದ 1598ರವರೆಗೆ ಫ್ರಾನ್ಸಿನವರು ಮತದ ಹೆಸರಿನಲ್ಲಿ ಪರಸ್ಪರ ಕೊಂದುಕೊಂಡರು. ಕೊನೆಗೆ ದೊರೆ ನಾಲ್ಕನೆಯ ಹೆನ್ರಿ ನಾಂತ್ ಶಾಸನದ ಮೂಲಕ ಹ್ಯೂಗೆನಾಟರಿಗೆ ಪೂಜೆಯ ಹಕ್ಕನ್ನು ಕೊಟ್ಟ, ಜೊತೆಗೆ ರಕ್ಷಣೆಗೆಂದು ಕೋಟೆ ಪಟ್ಟಣಗಳನ್ನೂ ಬಿಟ್ಟುಕೊಟ್ಟ. ರಾಜ್ಯದೊಳಗೊಂದು ರಾಜ್ಯ ಹುಟ್ಟಿತು. ರಿಶೆಲ್ಯೂವಿನ ಕಣ್ಣು ಇದ್ದದ್ದು ಆ ಕೋಟೆಗಳ ಮೇಲೆ. 1629ರ ಅಲೆ ಒಪ್ಪಂದದಲ್ಲಿ ಕೋಟೆ, ಸೈನ್ಯ ಕಿತ್ತುಕೊಂಡ. ಪೂಜೆಯ ಹಕ್ಕನ್ನು ಹಾಗೆಯೇ ಉಳಿಸಿದ. ಒಳಗೆ ಹ್ಯೂಗೆನಾಟರ ಕೋಟೆ, ಹೊರಗೆ ಹ್ಯಾಬ್ಸ್‌ಬರ್ಗ್: ಎರಡೂ ಕಡೆ ಅವನು ಹೋರಾಡಿದ್ದು ದೊರೆಯ ಅಧಿಕಾರಕ್ಕಾಗಿ. ಪ್ರಶ್ನೆ ಕೇಳಿದ್ದೂ ಇದನ್ನೇ. ನಾನು ಅದನ್ನು ಮತದ್ವೇಷದ ಕಥೆ ಮಾಡಿದ್ದೆ.

ಐದು ಅಂಕ ಕಡಿಮೆಯಾಗಿ ಪತ್ರಿಕೆ ಹೋಯಿತು. ಪದವಿ ಕೈಗೆ ಬರದ ಕಾರಣ ಆ ವರ್ಷ ಕರೆದ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಲಾಗಲಿಲ್ಲ. ಮತ್ತೆ ಕರೆದದ್ದು ನಾಲ್ಕು ವರ್ಷಗಳ ನಂತರ.

ಆದ್ದರಿಂದ, ಮೂರರಲ್ಲಿ ಯಾವುದನ್ನು ಬಿಡಲಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವು ಮೂರು ಪಾಠಗಳಲ್ಲ. ಯುದ್ಧಕ್ಕೆ ಹಣ ಬೇಕು. ರೈತರಿಂದ ತಾಯ್ ಎಂಬ ತೆರಿಗೆ ವಸೂಲು ಮಾಡಲು ಪ್ರಾಂತ್ಯಗಳಿಗೆ ದೊರೆಯ ಅಧಿಕಾರಿಗಳು ಬಂದರು, ಸ್ಥಳೀಯ ಶ್ರೀಮಂತರ ಕೈ ಸೋತಿತು. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್ 1667ರಲ್ಲಿ ಡಚ್ಚರ ಸರಕಿನ ಮೇಲೆ ಭಾರಿ ಸುಂಕ ಹಾಕಿದ್ದು ಬೆಳ್ಳಿ, ಬಂಗಾರ ದೇಶ ಬಿಟ್ಟು ಹೋಗಬಾರದೆಂದು. 1672ರಲ್ಲಿ ಆ ಡಚ್ಚರ ಮೇಲೆಯೇ ಯುದ್ಧವಾಯಿತು. 1685ರಲ್ಲಿ ಲೂಯಿ ನಾಂತ್ ಶಾಸನವನ್ನು ರದ್ದು ಮಾಡಿದಾಗ ಸುಮಾರು 2 ಲಕ್ಷ ಹ್ಯೂಗೆನಾಟರು ದೇಶ ತೊರೆದರು. ಅವರಲ್ಲಿ ನೇಕಾರರಿದ್ದರು, ಗಡಿಯಾರ ಮಾಡುವವರಿದ್ದರು. ಕೋಲ್ಬೇರ್ ಬೆಳೆಸಬೇಕೆಂದಿದ್ದ ಕಸುಬುಗಳು ಇಂಗ್ಲೆಂಡ್, ಹಾಲೆಂಡ್, ಬ್ರಾಂಡೆನ್‌ಬರ್ಗ್‌ಗಳ ಪಾಲಾದವು.

ಬಿಡಲೇಬೇಕೆಂದಿದ್ದರೆ ವರ್ಸೇಲ್ಸ್ ಅರಮನೆಯ ವರ್ಣನೆಯನ್ನು ಬಿಡಿ. ಇಂದು ರಾತ್ರಿ 1598ರಿಂದ ಆರಂಭಿಸಿ, ಅಧ್ಯಾಯಗಳ ಗಡಿ ಮರೆತು 1685ರವರೆಗೆ ನೇರವಾಗಿ ಓದಿ.