ಸತತ ಮೂರು ಸಲ ಎರಡನೇ ಸ್ಥಾನ: ಆರ್ಟೆಟಾನನ್ನು ಇನ್ನೂ ಇಟ್ಟುಕೊಳ್ಳಬೇಕಾ?

ಮಣಿಪಾಲದ ಒಂದೇ ರೂಮಿನಲ್ಲಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ನಾಲ್ಕು ಫ್ಯಾನ್. ಇಬ್ಬರು ‘ಮ್ಯಾನೇಜರ್ ಆರ್ಟೆಟಾನನ್ನು ಕಳಿಸಿ’ ಅನ್ನುತ್ತಾರೆ, ಇಬ್ಬರು ‘ಇನ್ನೊಂದು ವರ್ಷ ಕೊಡಿ’ ಅನ್ನುತ್ತಾರೆ. 2024-25ರ ಸೀಸನ್ ಮುಗಿದು ಪ್ರೀಮಿಯರ್ ಲೀಗ್‌ನಲ್ಲಿ ಮತ್ತೆ ಎರಡನೇ ಸ್ಥಾನವೇ ಗತಿಯಾಯಿತು, ಇವನಿಂದ ಲೀಗ್ ಗೆಲ್ಲಲು ಆಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ರೂಮಿನ ಜಗಳ ನನಗೆ ಹೊಸದಲ್ಲ ಮಾರಾಯ್ರೆ. ಮಂಗಳೂರಿನ ಬಂದರಿನ ಹತ್ತಿರ ನಾವು ಚಹಾ ಕುಡಿಯುವ ಅಂಗಡಿಯಲ್ಲೂ ಇದೇ ನಡೆಯುತ್ತಿದೆ. ಮಳೆ ಹಿಡಿದಿದೆ, ಟಿವಿಯಲ್ಲಿ ಮ್ಯಾಚ್ ಇಲ್ಲ, ಜಗಳಕ್ಕೆ ಪುರುಸೊತ್ತು ಜಾಸ್ತಿ.

ನನ್ನ ಉತ್ತರ: ಈಗ ತೆಗೆಯಬಾರದು. ಆದರೆ ತೆಗೆಯಿರಿ ಅನ್ನುವ ಇಬ್ಬರ ಸಿಟ್ಟಿಗೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಅವರು ತೋರಿಸುವ ಕಾರಣ ಮಾತ್ರ ಸರಿಯಿಲ್ಲ.

‘ಮೂರು ಸಲ ಎರಡನೇ ಸ್ಥಾನ’ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಮೂರೂ ಬೇರೆ ಬೇರೆ. 2022-23ರಲ್ಲಿ ಕೈಗೆ ಬಂದದ್ದು ಹೋಯಿತು. ಏಪ್ರಿಲ್ ಶುರುವಿನಲ್ಲಿ ಮ್ಯಾಂಚೆಸ್ಟರ್ ಸಿಟಿಗಿಂತ 8 ಪಾಯಿಂಟ್ ಮುಂದೆ ಇದ್ದರು, ಸಿಟಿ ಒಂದು ಪಂದ್ಯ ಕಡಿಮೆ ಆಡಿತ್ತು ಅನ್ನಿ. ಆಮೇಲೆ ಲಿವರ್‌ಪೂಲ್ ಮೇಲೆ 2-0 ಮುಂದಿದ್ದು 2-2. ವೆಸ್ಟ್ ಹ್ಯಾಮ್ ಮೇಲೂ 2-0 ಮುಂದಿದ್ದು 2-2, ಅದರಲ್ಲಿ ಸಾಕಾ ಪೆನಾಲ್ಟಿ ಹೊರಗೆ ಹೊಡೆದ. ಟೇಬಲ್‌ನ ತಳದಲ್ಲಿದ್ದ ಸೌತಾಂಪ್ಟನ್ ಜೊತೆ ನಮ್ಮದೇ ಮೈದಾನದಲ್ಲಿ 3-3. ಕೊನೆಗೆ ಸಿಟಿ 4-1ರಲ್ಲಿ ಬಡಿಯಿತು. ಮಾರ್ಚ್‌ನಲ್ಲಿ ಸಲಿಬಾ ಗಾಯಗೊಂಡ ಮೇಲೆ ಡಿಫೆನ್ಸ್ ಅಲುಗಾಡಿತು, ಅದು ನಿಜ. ಆದರೂ ಎರಡು ಗೋಲಿನ ಲೀಡ್ ಸತತ ಎರಡು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದಕ್ಕೆ ಮ್ಯಾನೇಜರ್ ಹೊಣೆ ಹೊರಲೇಬೇಕು.

2023-24ರದ್ದು ಸೋಲು ಅಂತ ಹೇಳಲಿಕ್ಕೇ ನನಗೆ ಮನಸ್ಸು ಬರುವುದಿಲ್ಲ. 28 ಗೆಲುವು, 89 ಪಾಯಿಂಟ್. ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ 2003-04ರ ನಮ್ಮದೇ ವೆಂಗರ್ ತಂಡಕ್ಕೆ ಬಂದದ್ದು 90. ಹೊಸ ವರ್ಷದ ನಂತರ ಆಡಿದ 18 ಲೀಗ್ ಪಂದ್ಯಗಳಲ್ಲಿ 16 ಗೆದ್ದರು. ಸಿಟಿ 91 ತೆಗೆಯಿತು. ಅಷ್ಟಕ್ಕೂ ಮ್ಯಾನೇಜರ್‌ನನ್ನು ಬೈದರೆ ಅವನು ಇನ್ನೆಂಥ ಮಾಡಬೇಕು?

ಈ ಸಲದ್ದು 74. ನನಗೆ ಬೇಸರ ತಂದದ್ದು ಇದು. ಸೋತದ್ದು ನಾಲ್ಕೇ ಪಂದ್ಯ, ಡ್ರಾ ಮಾತ್ರ 14. ಲಿವರ್‌ಪೂಲ್ ಗೆದ್ದದ್ದು 84 ಪಾಯಿಂಟ್‌ನಲ್ಲಿ, ಅಂದರೆ 2022-23ರಲ್ಲಿ ನಾವು ತೆಗೆದಷ್ಟೇ. ಸಿಟಿ ಕುಸಿದ ವರ್ಷ ಬಾಗಿಲು ತೆರೆದೇ ಇತ್ತು. ಲಿವರ್‌ಪೂಲ್‌ಗೆ ಮ್ಯಾನೇಜರ್ ಆಗಿ ಅರ್ನೆ ಸ್ಲಾಟ್ ಬಂದ ಮೊದಲ ವರ್ಷವೇ, ಹೆಚ್ಚುಕಡಿಮೆ ಹಿಂದಿನ ಮ್ಯಾನೇಜರ್ ಕ್ಲಾಪ್ ಬಿಟ್ಟುಹೋದ ತಂಡವನ್ನೇ ಇಟ್ಟುಕೊಂಡು ಒಳಗೆ ನಡೆದುಬಿಟ್ಟ. ನಿಮ್ಮ ರೂಮಿನ ಇಬ್ಬರು ಈ ಮಾತು ಎತ್ತಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಅರ್ಧ ಉತ್ತರ ಉಂಟು. ಸೀಸನ್ ಶುರುವಿನಲ್ಲೇ ರೆಡ್ ಕಾರ್ಡ್ ಮೇಲೆ ರೆಡ್ ಕಾರ್ಡ್. ಬ್ರೈಟನ್ ವಿರುದ್ಧ ರೈಸ್, ಸಿಟಿ ವಿರುದ್ಧ ಟ್ರೊಸಾರ್, ಬೋರ್ನ್‌ಮತ್ ವಿರುದ್ಧ ಸಲಿಬಾ. ಸಿಟಿ ಮೈದಾನದಲ್ಲಿ ಹತ್ತು ಜನ ಇಡೀ ಸೆಕೆಂಡ್ ಹಾಫ್ ತಡೆದು ನಿಂತರು, 98ನೇ ನಿಮಿಷದಲ್ಲಿ ಸ್ಟೋನ್ಸ್ ಹೊಡೆದು 2-2 ಮಾಡಿದ. ಡಿಸೆಂಬರ್‌ನಲ್ಲಿ ಸಾಕಾ, ಜನವರಿಯಲ್ಲಿ ಜೀಸಸ್, ಫೆಬ್ರವರಿಯಲ್ಲಿ ಹಾವೆರ್ಟ್ಸ್, ಗೋಲು ಹೊಡೆಯಬೇಕಾದವರೇ ಒಬ್ಬರ ಹಿಂದೆ ಒಬ್ಬರು ಗಾಯ. ಕೊನೆಗೆ ಮಿಡ್‌ಫೀಲ್ಡರ್ ಮೆರಿನೊನನ್ನು ಸ್ಟ್ರೈಕರ್ ಜಾಗದಲ್ಲಿ ನಿಲ್ಲಿಸಬೇಕಾಯಿತು. ಪಾಪ, ಅವನು ಲೆಸ್ಟರ್ ಮೇಲೆ ಸಬ್ ಆಗಿ ಬಂದು ಎರಡು ಗೋಲೂ ಹೊಡೆದ.

ಆದರೆ ಗಾಯದ ಕಥೆ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. 2024ರ ಬೇಸಿಗೆಯಲ್ಲಿ, ಅಂದರೆ ಅಲ್ಲಿ ಆಟಗಾರರನ್ನು ಕೊಂಡು ಮಾರುವ ಹೊತ್ತಿನಲ್ಲಿ, ಸ್ಟ್ರೈಕರ್ ಎನ್ಕೆಟಿಯಾನನ್ನು ಮಾರಿದರು. ಬದಲಿಗೆ ಕೊನೆಯ ದಿನ ಸ್ಟರ್ಲಿಂಗ್‌ನನ್ನು ಚೆಲ್ಸಿಯಿಂದ ಲೋನ್‌ನಲ್ಲಿ ತಂದರು. ಅವನು ಲೀಗ್‌ನಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಜನವರಿಯಲ್ಲಿ ಸಾಕಾ, ಜೀಸಸ್ ಇಬ್ಬರೂ ಇಲ್ಲ ಅಂತ ಗೊತ್ತಿದ್ದರೂ ಯಾರನ್ನೂ ತರಲಿಲ್ಲ.

ಇಲ್ಲಿ ನಮ್ಮ ಅಂಗಡಿಯಲ್ಲಿ ಒಬ್ಬರು ಹೇಳಿದ್ದು ನೆನಪಾಗುತ್ತದೆ. ವಯಸ್ಸಾದವರು, ಕಸಬಾ ಬೆಂಗ್ರೆಯವರು, ಒಂದು ಕಾಲದಲ್ಲಿ ನೆಹರೂ ಮೈದಾನದಲ್ಲಿ ಲೆಫ್ಟ್ ಬ್ಯಾಕ್ ಆಡಿದವರು. ‘ಮೇಳಕ್ಕೆ ಬಣ್ಣದ ವೇಷದವನನ್ನು ಯಜಮಾನರು ತರದೆ ಇದ್ದರೆ ಭಾಗವತರು ಎಂಥ ಮಾಡುವುದು? ರಾಕ್ಷಸನ ಪದ್ಯ ಹೇಳುತ್ತಾ ಕೂತರೆ ರಂಗಸ್ಥಳಕ್ಕೆ ಯಾರು ಬರುವುದು?’ ಅಂದರು. ಮಾತು ಕೇಳಲಿಕ್ಕೆ ಚಂದ. ಆದರೆ ಆರ್ಸೆನಲ್‌ನಲ್ಲಿ ವಿಷಯ ಹಾಗಿಲ್ಲ. 2019ರ ಡಿಸೆಂಬರ್‌ನಲ್ಲಿ ಬಂದಾಗ ಆರ್ಟೆಟಾ ಹೆಡ್ ಕೋಚ್. 2020ರ ಸೆಪ್ಟೆಂಬರ್‌ನಲ್ಲಿ ಅವನನ್ನು ಮ್ಯಾನೇಜರ್ ಮಾಡಿದರು. ಅಂದರೆ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಅನ್ನುವ ಮಾತಿನಲ್ಲಿ ಅವನೂ ಕೂರುತ್ತಾನೆ. ಆಟಗಾರರನ್ನು ತರುವ ಕೆಲಸ ನೋಡುತ್ತಿದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಎಡು 2024ರ ನವೆಂಬರ್‌ನಲ್ಲಿ ಬಿಟ್ಟುಹೋದ ಮೇಲೆ ಮಾರ್ಚ್‌ವರೆಗೆ ಅವನ ಜಾಗಕ್ಕೆ ಬರ್ಟಾ ಬಂದಿರಲಿಲ್ಲ, ನಡುವಿನ ಜನವರಿ ಹಾಗೇ ಹೋಯಿತು. ಆದರೆ ಬೇಸಿಗೆಯ ಲೆಕ್ಕದಲ್ಲಿ ಆರ್ಟೆಟಾನಿಗೂ ಪಾಲು ಉಂಟು.

ನಿಮ್ಮ ಗೆಳೆಯರಿಗೆ ಸಿಟ್ಟು ಬರಬೇಕಾದ್ದು ಇದಕ್ಕೆ. ‘ಎರಡನೇ ಸ್ಥಾನ’ಕ್ಕಲ್ಲ. ಇವನಿಗೆ ಕಂಟ್ರೋಲ್ ಬೇಕು. ಚೆಂಡು ಕಳಕೊಳ್ಳಬಾರದು, ಎದುರಿನವರಿಗೆ ಜಾಗ ಸಿಗಬಾರದು. ಎತ್ತರದ, ಗಟ್ಟಿ ಆಟಗಾರರು ಬೇಕು. ಅದರಿಂದಲೇ ನಾಲ್ಕೇ ಸೋಲು, ಅದರಿಂದಲೇ 14 ಡ್ರಾ. ಜನವರಿಯಲ್ಲಿ ಆಸ್ಟನ್ ವಿಲ್ಲಾ ಜೊತೆ ಮನೆಯಲ್ಲಿ 2-0 ಮುಂದಿದ್ದು ಮತ್ತೆ 2-2 ಆದಾಗ ನಾನು ರಿಮೋಟ್ ಸೋಫಾಕ್ಕೆ ಎಸೆದೆ. 2023ರ ಏಪ್ರಿಲ್ ಕಣ್ಣ ಮುಂದೆ ಬಂತು.

2024-25ರವರೆಗೆ ಕಪ್‌ಗಳಲ್ಲೂ ಹೇಳಿಕೊಳ್ಳುವಂಥದ್ದಿಲ್ಲ. 2020ರ ಎಫ್ಎ ಕಪ್ ಬಿಟ್ಟರೆ ಕಮ್ಯೂನಿಟಿ ಶೀಲ್ಡ್ ಅಷ್ಟೇ, ಅದನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮಂಥವರು ಮಾತ್ರ. ಈ ವರ್ಷ ಎಫ್ಎ ಕಪ್‌ನಲ್ಲಿ ಹತ್ತು ಜನರ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಪೆನಾಲ್ಟಿಯಲ್ಲಿ ಸೋತದ್ದು ಸುಮ್ನೆ ಮರೆಯುವ ಎಂದರೂ ಆಗುವುದಿಲ್ಲ.

ಹಾಗಾದರೆ ಯಾಕೆ ಇಟ್ಟುಕೊಳ್ಳಬೇಕು? ‘ಯುನೈಟೆಡ್‌ನ ಫರ್ಗೂಸನ್‌ಗೂ ಅಲ್ಲಿ ಮೊದಲ ಲೀಗ್ ಗೆಲ್ಲಲು 1993 ಆಗಲಿಲ್ವಾ’ ಅಂತ ಹೇಳುವವರ ಜೊತೆ ನಾನಿಲ್ಲ. ಸಮಯ ಕೊಟ್ಟರೆ ಎಲ್ಲರೂ ಫರ್ಗೂಸನ್ ಆಗುವುದಿಲ್ಲ. ಅದೇ ಯುನೈಟೆಡ್‌ನವರು ಸೋಲ್‌ಷೇರ್‌ಗೂ ಸುಮಾರು ಮೂರು ವರ್ಷ ಕೊಟ್ಟು ನೋಡಿದ್ದಾರೆ.

ನನಗೆ ಕಾಣುವ ಕಾರಣ ಬೇರೆ. ಎರಡು ಸಲ ಎಂಟನೇ ಸ್ಥಾನ, 2020ರ ಕ್ರಿಸ್‌ಮಸ್ ಹೊತ್ತಿಗೆ 15ನೇ ಸ್ಥಾನ, 2021ರ ಆಗಸ್ಟ್‌ನಲ್ಲಿ ಮೊದಲ ಮೂರು ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ, ಒಂಬತ್ತು ತಿಂದು ಟೇಬಲ್‌ನ ಕೊನೆಗೆ ಬಿದ್ದ ತಂಡ ಇದು. ಆ ತಂಡವನ್ನು ಇವನು ಈ ಸೀಸನ್ನಿನ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ನಿಲ್ಲಿಸಿದ ರಾತ್ರಿ ನೀವು ಎದ್ದಿದ್ದಿರಿ ಅಂದುಕೊಳ್ಳುತ್ತೇನೆ. ನಮ್ಮಲ್ಲಿ ಹನ್ನೆರಡೂವರೆಗೆ ಮ್ಯಾಚ್ ಶುರು. ರೈಸ್ (ನಮ್ಮ ಗುಂಪಿನಲ್ಲಿ ಅವನ ಹೆಸರು ಕುಚ್ಚಲಕ್ಕಿ) ಮೊದಲ ಫ್ರೀ ಕಿಕ್ ಗೋಡೆಯ ಹೊರಗಿನಿಂದ ತಿರುಗಿಸಿದಾಗ ಒಂದೂವರೆ ದಾಟಿತ್ತು. ಅಲ್ಲಿಯವರೆಗೆ ಅವನು ನೇರ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದವನೇ ಅಲ್ಲ. ಹನ್ನೆರಡು ನಿಮಿಷ ಬಿಟ್ಟು ಎರಡನೆಯದು, ಗೋಲ್‌ಕೀಪರ್ ಕೊರ್ಟುವಾ ಹಾರಿದರೂ ಮೂಲೆಗೆ. ನಾವು ಕೂಗಿದ್ದಕ್ಕೆ ಪಕ್ಕದ ಮನೆಯ ಅಕ್ಕ ಲೈಟ್ ಹಾಕಿ, ‘ಎಂಥ ಆಯ್ತು, ಕಳ್ಳ ಬಂದನಾ?’ ಅಂತ ಕಿಟಕಿಯಿಂದಲೇ ಕೇಳಿದರು. 3-0. ವಾರ ಕಳೆದು ಅವರದೇ ಮೈದಾನ ಬರ್ನಾಬ್ಯೂವಿನಲ್ಲೂ 2-1. ಸೆಮಿಯಲ್ಲಿ ಸೋತದ್ದು ಪಿಎಸ್‌ಜಿಗೆ, ಅವರು ಫೈನಲ್‌ನಲ್ಲಿ ಇಂಟರ್‌ಗೆ ಐದು ಹೊಡೆದವರು.

ಇವನನ್ನು ತೆಗೆದರೆ ಯಾರು ಬರುತ್ತಾರೆ? ನಮ್ಮ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರೂ ಗೋಳಿಬಜೆ ತಿನ್ನಲು ಶುರು ಮಾಡುತ್ತಾರೆ. 22 ವರ್ಷ ಇದ್ದ ವೆಂಗರ್ ಹೋದ ಮೇಲೆ ಎಮೆರಿ ಬಂದ, ಸುಮಾರು ಒಂದೂವರೆ ವರ್ಷ ಅಷ್ಟೇ ನಿಂತ. ಅದೇ ಎಮೆರಿ ಈಗ ವಿಲ್ಲಾದಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಿದ್ದಾನೆ ನೋಡಿ.

ಆರ್ಟೆಟಾನ ಜೊತೆ 2024ರಲ್ಲಿ ಮಾಡಿಕೊಂಡ ಒಪ್ಪಂದ 2027ರವರೆಗಿನದು. ಅಂದರೆ ಮುಂದುವರಿಸುವುದಾ ಬಿಡುವುದಾ ಅಂತ 2026ರ ಬೇಸಿಗೆಯಲ್ಲಿ ಕ್ಲಬ್ ಯೋಚಿಸಲೇಬೇಕು, ಕೊನೆಯ ವರ್ಷಕ್ಕೆ ಹಾಗೇ ಬಿಡಲಿಕ್ಕಾಗುವುದಿಲ್ಲ. ಅಲ್ಲಿಯವರೆಗೆ ನಾನು ನೋಡುವುದು ಎರಡೇ. ಒಂದು, 2025ರ ಬೇಸಿಗೆಯಲ್ಲಿ ನಿಜವಾದ ಸ್ಟ್ರೈಕರ್ ಬರುತ್ತಾನಾ ಅಂತ. ಇನ್ನೊಂದು, ಮನೆಯಲ್ಲಿ ಸಣ್ಣ ತಂಡದ ಎದುರು 1-0 ಮುಂದಿರುವಾಗ 60ನೇ ನಿಮಿಷಕ್ಕೆ ಆರ್ಟೆಟಾ ಡಿಫೆಂಡರ್‌ನನ್ನು ಇಳಿಸುತ್ತಾನಾ, ಎರಡನೇ ಗೋಲಿಗೆ ಆಟಗಾರನನ್ನು ಇಳಿಸುತ್ತಾನಾ ಅಂತ. ಸ್ಟ್ರೈಕರ್ ಬಂದ ಮೇಲೂ ಹನ್ನೆರಡು ಹದಿನಾಲ್ಕು ಡ್ರಾ ಆದರೆ, 2026ರ ಮೇ ತಿಂಗಳಲ್ಲಿ ನಿಮ್ಮ ರೂಮಿನ ಆ ಇಬ್ಬರ ಜೊತೆ ನನ್ನನ್ನೂ ಮೂರನೆಯವನಾಗಿ ಸೇರಿಸಿಕೊಳ್ಳಿ.